ಜಠರವನ್ನು ತೆಗೆದ ಮೇಲೆ ಮನೆಯವರ ಕರ್ತವ್ಯ

ಮನೆಯಲ್ಲಿ ಒಬ್ಬರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿ, ಕೆಲವು ದಿನಗಳ ಮೇಲೆ ಅವರು ಆಸ್ಪತ್ರೆಯಿಂದ ಹಿಂದಿರುಗಿ ಹೊಸ್ತಿಲು ದಾಟಿ ಒಳಕ್ಕೆ ಬಂದರೆಂದರೆ, ಗಂಡಾಂತರವು ಕಳೆಯಿತೆಂದು ಎಲ್ಲರೂ ನೆಮ್ಮದಿಯ ಉಸಿರು ಬಿಡುವುದು ಸಹಜವೇ ಆಗಿದೆ. ಹಿರಿಯರು ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಾರೆ. ನಂಟರಿಷ್ಟರು ಹಣ್ಣು ಹಂಪಲುಗಳನ್ನೂ ಸಿಹಿತಿಂಡಿಗಳನ್ನೂ ಹಿಡಿದುಕೊಂಡು ನೋಡಬರುತ್ತಾರೆ. ಇಷ್ಟು ದಿನ ಆಸ್ಪತ್ರೆಯ ಸಪ್ಪೆ ಗಂಜಿಯನ್ನು ಕುಡಿದು ಸೊರಗಿದ ಜೀವಕ್ಕೆ ಇನ್ನಾದರೂ ಬಾಯಿ ತುಂಬ ಊಟವಾಗಲೆಂದು ಗೃಹಿಣಿಯು ಅಡಿಗೆಮನೆಯಲ್ಲಿ ಸಡಗರಪಡುತ್ತಾಳೆ. ಬೇರೆ ಅನೇಕ ಶಸ್ತ್ರಚಿಕಿತ್ಸೆಗಳ ವಿಷಯದಲ್ಲಿ ಈ ಸಡಗರದಿಂದ ಹೆಚ್ಚಿನ ಹಾನಿಯೇನೂ ಇಲ್ಲ. ಆದರೆ ಜಠರವನ್ನು, ಎಂದರೆ ನಾವು ಉಂಡ ಅನ್ನವು ಮೊದಲು ಹೋಗಿ ನಿಲ್ಲತಕ್ಕ ಚೀಲವನ್ನು, ತೆಗೆಸಿಕೊಂಡು ಬಂದವರ ವಿಷಯದಲ್ಲಿ ಮಾತ್ರ ಮನೆಗೆ ಬಂದ ದಿನವು ಚಿಕಿತ್ಸೆಯ ಕೊನೆಯ ದಿನವಲ್ಲ. ಅದರ ಎರಡನೆಯ ಭಾಗದ ಮೊದಲನೆಯ ದಿನ.

ಇಂತಹ ರೋಗಿಗಳಲ್ಲಿ ಕೆಲವರು ಮನೆಗೆ ಬಂದ ಒಂದು ತಿಂಗಳೊಳಗಾಗಿಯೇ ಮರಳಿ ಆಸ್ಪತ್ರೆಯನ್ನು ಸೇರಬೇಕಾಗುತ್ತದೆ. ಅಮೆರಿಕದ ಆಸ್ಪತ್ರೆಗಳು ಪ್ರಕಟಿಸಿರುವ ಲೆಕ್ಕಗಳಲ್ಲಿ ಇಂತಹವರ ಸಂಖ್ಯೆಯು ಸಾಮಾನ್ಯವಾಗಿ ೧೦೦ಕ್ಕೆ ೧೦ರಿಂದ ೨೦ರವರೆಗೆ ಕಾಣಬರುತ್ತದೆ. ಸಕಲ ಸೌಕರ್ಯಗಳೂ ಉಳ್ಳ ದೇಶದಲ್ಲಿಯೇ ಹೀಗಿರುವಾಗ, ಆಸ್ಪತ್ರೆಯು ಊರಿನಿಂದ ಬಹುದೂರದಲ್ಲಿರುವ ನಮ್ಮ ಅನೇಕ ಸಂಸಾರಗಳು ಈ ವಿಷಯವನ್ನು ಮೊದಲೇ ತಿಳಿದುಕೊಂಡಿರುವುದು ಲೇಸು. ಮರಳಿ ಹೋದವರೆಲ್ಲರನ್ನೂ ಲೆಕ್ಕದ ಪುಸ್ತಕವು ಒಂದೇ ಸಾಲಿನಲ್ಲಿ ಬರೆಯುತ್ತದೆ. ಆದರೆ ಅವರಲ್ಲಿ ಎರಡು ಬಗೆಯವರು ಉಂಟು. ಮನೆಯಲ್ಲಿ ತಕ್ಕ ಉಪಚಾರ ನಡೆದಿದ್ದರೆ ಹೋಗಬೇಕಾಗಿಯೇ ಇರಲಿಲ್ಲವೆಂಬವರು ಒಂದು ಬಗೆ. ಯಾರ ತಪ್ಪೂ ಇಲ್ಲದೆ ಒಳಗೆ ತೊಂದರೆ ಹುಟ್ಟಿ, ಸಕಾಲದಲ್ಲಿ ಹೋದದ್ದರಿಂದಲೇ ಬದುಕಿಕೊಂಡವರು ಇನ್ನೊಂದು ಬಗೆ. ಮೊದಲನೆಯದನ್ನು ತಪ್ಪಿಸುವುದೂ ಎರಡನೆಯದಕ್ಕೆ ತಡಮಾಡದಿರುವುದೂ ಮನೆಯವರ ಎರಡು ಕರ್ತವ್ಯಗಳು. ಈ ಲೇಖನದ ಉದ್ದೇಶವೂ ಇಷ್ಟೇ.

ಜಠರವನ್ನು ತೆಗೆಯುವುದೇಕೆ?

ಹಿಂದೆ ಜಠರದ ಹುಣ್ಣಿಗಾಗಿಯೂ ಈ ಶಸ್ತ್ರಚಿಕಿತ್ಸೆಯನ್ನು ಬಹಳವಾಗಿ ಮಾಡುತ್ತಿದ್ದರು. ೧೯೮೨ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ವಾರೆನ್ ಮತ್ತು ಮಾರ್ಷಲ್ ಎಂಬ ಇಬ್ಬರು ವೈದ್ಯರು, ಈ ಹುಣ್ಣುಗಳಲ್ಲಿ ಬಹುಪಾಲಿಗೆ ಕಾರಣವಾದ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ ಬೆಳೆಸಿದರು. ಆ ಜೀವಿಗೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂದು ಹೆಸರು. ಅವರಿಬ್ಬರಿಗೂ ೨೦೦೫ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅಂದಿನಿಂದ ಹುಣ್ಣಿಗೆ ಕತ್ತಿಯ ಬದಲು ಮಾತ್ರೆಯೇ ಸಾಕಾಗಿದೆ. ಈಗ ಜಠರವನ್ನು ತೆಗೆಯುವುದು ಹೆಚ್ಚಾಗಿ ಕ್ಯಾನ್ಸರಿನ ನಿಮಿತ್ತವಾಗಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯು ೧೯೮೨ರಿಂದ ನಗರದ ಕ್ಯಾನ್ಸರ್ ರೋಗಿಗಳ ದಾಖಲೆಯನ್ನು ಇಡುತ್ತ ಬಂದಿದೆ. ಆ ದಾಖಲೆಯಲ್ಲಿ ಗಂಡಸರಿಗೆ ಬರುವ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ಜಠರದ ಕ್ಯಾನ್ಸರೂ ಸೇರಿದೆ. ಆದುದರಿಂದ ಇದು ಎಲ್ಲಿಯೋ ಯಾರಿಗೋ ಬರುವ ರೋಗವೆಂದು ನಾವು ಸುಮ್ಮನಿರುವಂತಿಲ್ಲ.

ಜಠರದ ಒಂದು ಭಾಗವನ್ನು ಕತ್ತರಿಸಿ ರೋಗಿಯನ್ನು ಉಳಿಸಿಕೊಂಡವರಲ್ಲಿ ಮೊದಲಿಗನು ವಿಯೆನ್ನಾ ನಗರದ ಬಿಲ್ರೋತ್ ಎಂಬ ಪ್ರಖ್ಯಾತ ವೈದ್ಯನು. ಅವನಿಗಿಂತ ಮುಂಚೆ ಪ್ರಯತ್ನಿಸಿದ ಇಬ್ಬರ ರೋಗಿಗಳು ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ೧೮೮೧ನೆಯ ಇಸವಿ ಜನವರಿ ೨೯ರಂದು ಬಿಲ್ರೋತನು ೪೩ ವರ್ಷದ ಒಬ್ಬ ಹೆಂಗಸಿಗೆ ಈ ಚಿಕಿತ್ಸೆ ಮಾಡಿದನು. ಗಾಯವು ಮಾಯಿತು, ಆಕೆ ಮನೆಗೂ ಹೋದಳು. ಆದರೆ ಕ್ಯಾನ್ಸರು ಮರುಕಳಿಸಿದ್ದರಿಂದ ಸುಮಾರು ನಾಲ್ಕು ತಿಂಗಳಲ್ಲಿ ತೀರಿಕೊಂಡಳು. ೧೮೯೭ನೆಯ ಇಸವಿ ಸೆಪ್ಟೆಂಬರ್ ೬ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಶ್ಲಾಟರ್ ಎಂಬವನು ಇಡೀ ಜಠರವನ್ನೇ ತೆಗೆದು, ಅನ್ನನಾಳವನ್ನು ಸಣ್ಣ ಕರುಳಿಗೆ ಜೋಡಿಸಿದನು. ಆ ರೋಗಿಯು ಒಂದು ವರ್ಷಕ್ಕೂ ಮೇಲ್ಪಟ್ಟು ಜೀವಿಸಿದ್ದಳು. ಜಠರವಿಲ್ಲದೆಯೂ ಮನುಷ್ಯನು ಉಂಡು ಬದುಕಬಲ್ಲನೆಂಬುದು ಜಗತ್ತಿಗೆ ಅಂದು ತಿಳಿಯಿತು. ಈಗ ಈ ವಿದ್ಯೆಯು ಬಹಳ ಮುಂದುವರಿದಿದೆ. ರೋಗವನ್ನು ಬೇಗ ಪತ್ತೆಮಾಡಿದಲ್ಲಿ ಜಠರ ತೆಗೆಸಿಕೊಂಡು ಹತ್ತಾರು ವರ್ಷ ಬಾಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಹೋದ ಅಂಗದ ಕೆಲಸವನ್ನು ಮಾಡುವವರು ಯಾರು?

ಜಠರವು ಬರಿಯ ಚೀಲವಲ್ಲ. ಅದು ನಮ್ಮ ದೇಹದ ಕಣಜ, ಒರಳು ಮತ್ತು ಪಾರುಪತ್ಯಗಾರ. ಒಂದು ಹೊತ್ತಿನ ಊಟವನ್ನೆಲ್ಲ ತುಂಬಿಟ್ಟುಕೊಳ್ಳುವುದರಿಂದ ಕಣಜ. ಅದನ್ನು ಆಮ್ಲರಸದಲ್ಲಿ ನೆನೆಸಿ, ಹಿಸುಕಿ, ಅರೆದು ನುಣ್ಣಗೆ ಮಾಡುವುದರಿಂದ ಒರಳು. ಅರೆದದ್ದನ್ನು ಸ್ವಲ್ಪಸ್ವಲ್ಪವಾಗಿ ಅಳೆದು ಕರುಳಿಗೆ ಬಿಡುವುದರಿಂದ ಪಾರುಪತ್ಯಗಾರ. ಇವಲ್ಲದೆ ಇನ್ನೆರಡು ಗುಪ್ತವಾದ ಕೆಲಸಗಳೂ ಅದಕ್ಕಿವೆ. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ರಸವು ಬಹುಮಟ್ಟಿಗೆ ಜಠರದಲ್ಲಿಯೇ ಉತ್ಪತ್ತಿಯಾಗುತ್ತದೆ. ಜಪಾನಿನ ವಿಜ್ಞಾನಿಗಳಾದ ಕೊಜಿಮಾ ಮತ್ತು ಕಂಗಾವಾ ಎಂಬವರು ೧೯೯೯ರಲ್ಲಿ ಇದನ್ನು ಕಂಡುಹಿಡಿದರು. ಬಿ-೧೨ ಎಂಬ ಜೀವಸತ್ತ್ವವನ್ನು ಕರುಳು ಹೀರಿಕೊಳ್ಳಬೇಕಾದರೆ ಬೇಕಾದ ಒಂದು ಸಹಾಯಕ ದ್ರವ್ಯವನ್ನು ಒದಗಿಸತಕ್ಕದ್ದೂ ಜಠರವೇ.

ಶಸ್ತ್ರವೈದ್ಯನು ರೋಗದೊಡನೆ ಈ ಅಂಗವನ್ನೂ ತೆಗೆದುಬಿಡುತ್ತಾನೆ. ಅಂಗವು ಹೋಗುತ್ತದೆ, ಅದರ ಕೆಲಸವು ಉಳಿಯುತ್ತದೆ. ಆ ಕೆಲಸವನ್ನು ಇನ್ನು ಮುಂದೆ ಮನೆಯವರೂ ರೋಗಿಯೂ ಹಂಚಿಕೊಂಡು ಮಾಡಬೇಕು. ಕಣಜದ ಕೆಲಸವನ್ನು ಚಿಕ್ಕ ಬಟ್ಟಲು ಮಾಡಬೇಕು. ಒರಳಿನ ಕೆಲಸವನ್ನು ಹಲ್ಲುಗಳು ಮಾಡಬೇಕು. ಪಾರುಪತ್ಯವನ್ನು ಬಡಿಸುವ ಕೈ ವಹಿಸಿಕೊಳ್ಳಬೇಕು. ಹಸಿವಿನ ಬದಲು ಗೋಡೆಯ ಗಡಿಯಾರವು ಊಟಕ್ಕೆ ಕರೆಯಬೇಕು. ಬಿ-೧೨ನ್ನು ಸೂಜಿಯ ಮೂಲಕ ಪಡೆಯಬೇಕು. ಮನೆಯ ಉಪಚಾರದ ಗುಟ್ಟೆಲ್ಲ ಇದರಲ್ಲಿಯೇ ಅಡಗಿದೆ. ಇದನ್ನು ಮನಗಂಡವರಿಗೆ ಪಥ್ಯದ ನಿಯಮಗಳನ್ನು ಬಾಯಿಪಾಠ ಮಾಡುವ ಅವಶ್ಯಕತೆಯೇ ಇಲ್ಲ.

ಊಟದ ಹೊಸ ಕ್ರಮ

ಒಪ್ಪೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಜಠರವುಳ್ಳವರಿಗೆ ಈ ಮಾತು ಒಪ್ಪಬಹುದು. ಜಠರವಿಲ್ಲದವರಿಗೆ ಇದು ತಲೆಕೆಳಗಾಗಿದೆ. ಅವರು ದಿನಕ್ಕೆ ಆರರಿಂದ ಎಂಟು ಸಲ ಉಣ್ಣಬೇಕು. ಪ್ರತಿಸಲವೂ ಕೊಂಚವೇ ಉಣ್ಣಬೇಕು. ಮೊದಲ ವಾರಗಳಲ್ಲಿ ಒಂದು ಹೊತ್ತಿಗೆ ಕೆಲವು ಚಮಚೆಗಳಷ್ಟೇ ಸಾಕಾಗಬಹುದು. ಹಸಿವಾಗಲಿಲ್ಲವೆಂದು ರೋಗಿಯು ಹೇಳಿದರೆ ಅದು ಸುಳ್ಳಲ್ಲ, ಹಠವೂ ಅಲ್ಲ. ಹಸಿವನ್ನು ಹುಟ್ಟಿಸುವ ಅಂಗವೇ ಇಲ್ಲದ ಮೇಲೆ ಹಸಿವು ಎಲ್ಲಿಂದ ಬರಬೇಕು? ಹಸಿವಾದಾಗ ಕೇಳಿ ಉಣ್ಣಲಿ ಎಂದು ಬಿಟ್ಟರೆ ರೋಗಿಯು ದಿನಗಟ್ಟಲೆ ಉಪವಾಸವಿದ್ದಂತಾಗಿ, ದೇಹವು ಕರಗುತ್ತದೆ. ಎರಡೆರಡು ಗಂಟೆಗೊಮ್ಮೆ, ಔಷಧಿಯನ್ನು ಕೊಡುವಷ್ಟೇ ನಿಷ್ಠೆಯಿಂದ, ಬಟ್ಟಲನ್ನು ಮುಂದಿಡತಕ್ಕದ್ದು.

ಅಗಿಯುವುದು ಎರಡನೆಯ ನಿಯಮ. ತುತ್ತು ಚಿಕ್ಕದಾಗಿರಬೇಕು, ಬಾಯಲ್ಲಿಯೇ ಗಂಜಿಯಂತಾದ ಮೇಲೆ ನುಂಗಬೇಕು. ನಮ್ಮ ಹಳೆಯ ಮೈಸೂರಿನ ಕಡೆಯವರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ರಾಗಿಯ ಮುದ್ದೆಯನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವುದು ನಮ್ಮ ರೂಢಿ. ಹಾಗೆ ನುಂಗಿದ್ದನ್ನು ಅರೆಯಲು ಹೊಟ್ಟೆಯಲ್ಲಿ ಒರಳಿರುವವರಿಗೆ ಮಾತ್ರ ಅದು ಸಲ್ಲುತ್ತದೆ. ಜಠರವಿಲ್ಲದವರಲ್ಲಿ ಮುದ್ದೆಯ ತುತ್ತು ಹೊಸ ಹೊಲಿಗೆಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳಬಹುದು. ರಾಗಿಯು ಬೇಡವೆಂದಲ್ಲ, ಸಕ್ಕರೆ ಬೆಲ್ಲಗಳಿಲ್ಲದ ತೆಳುವಾದ ಅಂಬಲಿಯ ರೂಪದಲ್ಲಿ ಕೊಡಬಹುದು. ನಾರು ಹೆಚ್ಚಾಗಿರುವ ಕಾಯಿಪಲ್ಯಗಳನ್ನೂ ಕಿತ್ತಳೆಯ ತೊಳೆಗಳ ಸಿಪ್ಪೆಯನ್ನೂ ಸರಿಯಾಗಿ ಅಗಿಯದೆ ನುಂಗಿದರೆ ಅವು ಒಳಗೆ ಉಂಡೆಗಟ್ಟಿ ಕರುಳಿಗೆ ಅಡ್ಡವಾಗುವುದುಂಟು.

ಪ್ರತಿ ಬಟ್ಟಲಿನಲ್ಲಿಯೂ ಮಾಂಸಖಂಡಗಳನ್ನು ಕಟ್ಟತಕ್ಕ ಪದಾರ್ಥ ಒಂದಿರಬೇಕು. ಬರಿಯ ಗಂಜಿಯ ತಿಳಿಯಿಂದಲೂ ಸಾರಿನಿಂದಲೂ ದೇಹವು ಚೇತರಿಸಿಕೊಳ್ಳಲಾರದು. ಹೆಸರುಬೇಳೆಯ ಗಟ್ಟಿ ತೊವ್ವೆ, ಮೊಸರು, ಮೆತ್ತಗೆ ಬೆಂದ ಇಡ್ಲಿ, ಹುರಿಗಡಲೆಯ ನುಣ್ಣನೆಯ ಪುಡಿ, ತಿನ್ನುವ ಅಭ್ಯಾಸವಿದ್ದವರಿಗೆ ಬೇಯಿಸಿದ ಮೊಟ್ಟೆ ಮತ್ತು ಮೀನು, ಇವು ಸುಲಭವಾಗಿ ದೊರೆಯುವ ಒಳ್ಳೆಯ ಆಹಾರಗಳು. ಸ್ವಲ್ಪ ತುಪ್ಪವನ್ನು ಸೇರಿಸಿದರೆ ಚಿಕ್ಕ ತುತ್ತಿನಲ್ಲಿಯೇ ಹೆಚ್ಚು ಕಸುವು ಸಿಕ್ಕುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಹಾಲು ಒಗ್ಗದೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ; ಅಂತಹವರಿಗೆ ಮೊಸರೇ ಮೇಲು.

ನೀರಿನ ವಿಷಯ ಬೇರೆಯೇ ಆಗಿದೆ. ಊಟದ ನಡುವೆ ಲೋಟಗಟ್ಟಲೆ ನೀರು ಕುಡಿದರೆ ಅನ್ನವು ನೀರಿನೊಡನೆ ಕರುಳಿಗೆ ಧುಮುಕುತ್ತದೆ. ಮೊದಲೇ ಕಿರಿದಾದ ಸ್ಥಳವನ್ನು ನೀರೇ ತುಂಬಿ ಅನ್ನಕ್ಕೆ ಜಾಗವಿಲ್ಲದಂತೆಯೂ ಆಗುತ್ತದೆ. ಆದುದರಿಂದ ಊಟಕ್ಕೆ ಅರ್ಧ ಗಂಟೆ ಮುಂಚೆಯೂ ಊಟವಾದ ಅರ್ಧ ಗಂಟೆಯ ಮೇಲೆಯೂ ನೀರನ್ನು ಕುಡಿಯುವುದು ಒಳ್ಳೆಯದು. ಹಾಗೆಂದು ನೀರನ್ನು ಕಡಿಮೆಮಾಡಬಾರದು. ಮರಳಿ ಆಸ್ಪತ್ರೆ ಸೇರುವ ರೋಗಿಗಳಲ್ಲಿ ಅನೇಕರಿಗೆ ಇರುವ ಕಾರಣವು ಯಾವ ಗೂಢವಾದ ವ್ಯಾಧಿಯೂ ಅಲ್ಲ; ಅನ್ನ ನೀರುಗಳು ಸಾಲದೆ ಹೋದದ್ದು. ಒಂದೇ ಸಲಕ್ಕೆ ಒಂದು ಲೋಟವನ್ನು ಕುಡಿಯಲಾರದವರ ಪಕ್ಕದಲ್ಲಿ ದಿನವೆಲ್ಲ ಒಂದು ಚೆಂಬನ್ನು ಇಟ್ಟು, ಹತ್ತು ನಿಮಿಷಕ್ಕೊಂದು ಗುಟುಕಿನಂತೆ ಕುಡಿಸಬೇಕು. ಮೂತ್ರವು ಕಡಿಮೆಯಾಗಿ ಗಾಢವಾದ ಹಳದಿಯ ಬಣ್ಣಕ್ಕೆ ತಿರುಗಿದರೆ ನೀರು ಸಾಲದೆಂದು ಅರ್ಥ. ಬಾಯಿ ಒಣಗುವುದು, ಎದ್ದು ನಿಂತರೆ ತಲೆ ತಿರುಗುವುದು, ಇವೂ ಅದೇ ಸೂಚನೆಗಳು.

ಸಿಹಿಯಿಂದಾಗುವ ಕಷ್ಟ

ನೋಡಬಂದ ನಂಟರು ಪ್ರೀತಿಯಿಂದ ತರುವ ಸಿಹಿಯೇ ಈ ರೋಗಿಗೆ ಶತ್ರುವಾಗುವುದುಂಟು. ಪಾಯಸ, ಸಕ್ಕರೆಯ ಪಾನಕ, ಲಾಡು, ಗ್ಲೂಕೋಸಿನ ನೀರು ಮೊದಲಾದವು ಜಠರದ ತಡೆಯಿಲ್ಲದೆ ನೇರವಾಗಿ ಕರುಳಿಗೆ ಬಿದ್ದಾಗ, ಆ ಸಾಂದ್ರವಾದ ಸಿಹಿಯು ರಕ್ತದಲ್ಲಿನ ನೀರನ್ನು ಕರುಳಿಗೆ ಎಳೆದುಕೊಳ್ಳುತ್ತದೆ. ಉಂಡ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ಹೊಟ್ಟೆ ನುಲಿಯುತ್ತದೆ, ಕಣ್ಣು ಕತ್ತಲಿಡುತ್ತದೆ, ಭೇದಿಯಾಗುತ್ತದೆ. ವೈದ್ಯರು ಇದನ್ನು ಡಂಪಿಂಗ್ ಎಂದು ಕರೆಯುತ್ತಾರೆ. ಆಗ ರೋಗಿಯನ್ನು ಸ್ವಲ್ಪ ಹೊತ್ತು ತಲೆ ಎತ್ತರವಾಗಿರುವಂತೆ ಒರಗಿಸಿದರೆ ಅದು ತಾನಾಗಿ ಇಳಿಯುತ್ತದೆ.

ಇದರದೇ ಇನ್ನೊಂದು ರೂಪವು ಊಟವಾದ ಒಂದರಿಂದ ಮೂರು ಗಂಟೆಗಳ ಮೇಲೆ ಬರುತ್ತದೆ. ಥಟ್ಟನೆ ರಕ್ತಕ್ಕೆ ಸೇರಿದ ಸಕ್ಕರೆಯನ್ನು ಅಡಗಿಸಲು ದೇಹವು ಇನ್ಸುಲಿನ್ ರಸವನ್ನು ಅಗತ್ಯಕ್ಕಿಂತ ಹೆಚ್ಚಾಗಿ ಸುರಿಸಿ, ಸಕ್ಕರೆಯು ಇರಬೇಕಾದ ಮಟ್ಟಕ್ಕಿಂತ ಕೆಳಕ್ಕೆ ಇಳಿದುಬಿಡುತ್ತದೆ. ಕೈಕಾಲು ನಡುಗುವುದು, ತಣ್ಣನೆಯ ಬೆವರು, ಮಂಕುಕವಿಯುವುದು, ಕೆಲವು ವೇಳೆ ಮೂರ್ಛೆ, ಇವು ಅದರ ಲಕ್ಷಣಗಳು. ಎಚ್ಚರವಿದ್ದು ನುಂಗಬಲ್ಲವರಿಗೆ ಆ ಕ್ಷಣಕ್ಕೆ ಒಂದಿಷ್ಟು ಸಕ್ಕರೆಯನ್ನು ಕೊಡುವುದು ಸರಿಯೇ. ಆದರೆ ಅದರ ಹಿಂದೆಯೇ ಮೊಸರನ್ನೋ ಬೇಳೆಯನ್ನೋ ಕೊಟ್ಟು, ಮುಂದಿನ ಊಟಗಳಲ್ಲಿ ಸಿಹಿಯನ್ನು ಬಿಡಬೇಕು. ಮೂರ್ಛೆ ಹೋದವರ ಬಾಯಿಗೆ ಏನನ್ನೂ ಹಾಕದೆ ಕೂಡಲೆ ವೈದ್ಯರ ನೆರವನ್ನು ಪಡೆಯಬೇಕು. ಸಿಹಿಮೂತ್ರ ರೋಗಕ್ಕಾಗಿ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದವರು ಹಳೆಯ ಪ್ರಮಾಣವನ್ನೇ ಮುಂದುವರಿಸಬಾರದು. ಊಟವು ಬದಲಾದ ಮೇಲೆ ಔಷಧಿಯ ಅಳತೆಯನ್ನೂ ವೈದ್ಯರಿಂದ ಹೊಸದಾಗಿ ಗೊತ್ತುಮಾಡಿಸಿಕೊಳ್ಳಬೇಕು.

ಮಲಗುವ ಕ್ರಮವೂ ಬದಲಾಗಬೇಕು. ಮೇಲಿನ ಬಾಗಿಲು ಇಲ್ಲದಂತಾದುದರಿಂದ ಕರುಳಿನ ಪಿತ್ತರಸವು ಅನ್ನನಾಳಕ್ಕೆ ಏರಿ ಎದೆಯುರಿಯನ್ನು ಉಂಟುಮಾಡಬಹುದು. ನಿದ್ದೆಯಲ್ಲಿ ಅದು ಶ್ವಾಸನಾಳಕ್ಕೆ ಇಳಿದರೆ ಶ್ವಾಸಕೋಶಕ್ಕೂ ತೊಂದರೆ. ಇದನ್ನು ತಡೆಯುವ ಸಲುವಾಗಿಯೇ ಸ್ವಿಟ್ಜರ್ಲೆಂಡಿನ ರೂ ಎಂಬ ವೈದ್ಯನ ಹೆಸರಿನಲ್ಲಿ ಪ್ರಸಿದ್ಧವಾಗಿರುವ, ಕವಲೊಡೆದ ದಾರಿಯಂತಹ ಜೋಡಣೆಯನ್ನು ಶಸ್ತ್ರವೈದ್ಯರು ಬಳಸುತ್ತಾರೆ. ಹಾಗಿದ್ದರೂ ರಾತ್ರಿಯ ಊಟವಾದ ಎರಡು ಗಂಟೆ ಮಲಗದಿರುವುದೂ ತಲೆಯ ಕಡೆ ಹಾಸಿಗೆಯನ್ನು ಎತ್ತರಿಸಿಕೊಳ್ಳುವುದೂ ಕ್ಷೇಮ.

ತಡಮಾಡಬಾರದ ಲಕ್ಷಣಗಳು

ಇಷ್ಟೆಲ್ಲ ಜಾಗರೂಕತೆಯಿಂದ ನಡೆದುಕೊಂಡರೂ ಕೆಲವು ತೊಂದರೆಗಳು ಬಂದೇ ಬರಬಹುದು. ಅನ್ನನಾಳವನ್ನು ಕರುಳಿಗೆ ಸೇರಿಸಿದ ಹೊಲಿಗೆಯಲ್ಲಿ ಸಣ್ಣದೊಂದು ಸೋರಿಕೆಯಾಗಿ ಹೊಟ್ಟೆಯೊಳಗೆ ಕೀವು ಕೂಡಬಹುದು. ಹೊರಗಿನ ಗಾಯವು ಕೀಳಾಗಬಹುದು. ಬಹುಕಾಲ ಮಲಗಿದ್ದರಿಂದ ಕಾಲಿನ ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹರಿಯಬಹುದು. ಇದನ್ನು ತಡೆಯಲೆಂದೇ ಕೆಲವರಿಗೆ ಶಸ್ತ್ರಚಿಕಿತ್ಸೆಯ ದಿನದಿಂದ ೨೮ ದಿನಗಳವರೆಗೆ ಚುಚ್ಚುಮದ್ದನ್ನು ಕೊಡುತ್ತಾರೆ. ಮನೆಗೆ ಬಂದ ಮೇಲೆ ಅದು ತಪ್ಪಬಾರದು. ದಿನಕ್ಕೆ ನಾಲ್ಕಾರು ಸಲ ಅಂಗಳದಲ್ಲಾದರೂ ನಡೆದಾಡಬೇಕು. ಕರುಳಿನಲ್ಲಿ ಅಡ್ಡಿಯುಂಟಾಗಬಹುದು. ಇವು ಯಾವುವೂ ಗೃಹಿಣಿಯ ತಪ್ಪಿನಿಂದ ಬರುವುವಲ್ಲ. ಆದರೆ ಇವನ್ನು ಮೊದಲು ಕಾಣುವವಳು ಆಕೆಯೇ.

ಮುಂದೆ ಹೇಳುವ ಲಕ್ಷಣಗಳಲ್ಲಿ ಒಂದು ಕಂಡುಬಂದರೂ, ನಾಳೆ ನೋಡೋಣವೆನ್ನದೆ, ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೆ ತಿಳಿಸಿ ಹೊರಡತಕ್ಕದ್ದು. ಜ್ವರವು ೧೦೦.೪ ಡಿಗ್ರಿಗೆ ಏರುವುದು ಅಥವಾ ಚಳಿಯಿಂದ ನಡುಗುವುದು, ಹೊಟ್ಟೆಯ ನೋವು ದಿನದಿಂದ ದಿನಕ್ಕೆ ಕಡಿಮೆಯಾಗುವ ಬದಲು ಹೆಚ್ಚುವುದು, ಮೇಲಿಂದ ಮೇಲೆ ವಾಂತಿಯಾಗಿ ಗುಟುಕು ನೀರೂ ನಿಲ್ಲದಿರುವುದು, ಹೊಟ್ಟೆ ಉಬ್ಬಿ ಮಲವೂ ವಾಯುವೂ ಹೋಗದಿರುವುದು, ಸುಮ್ಮನೆ ಕುಳಿತಿದ್ದರೂ ನಾಡಿಯು ಬೇಗಬೇಗನೆ ಬಡಿಯುವುದು, ಏದುಸಿರು ಅಥವಾ ಎದೆಯ ನೋವು, ಒಂದೇ ಕಾಲಿನ ಮೀನಖಂಡವು ಊದಿ ನೋಯುವುದು, ಗಾಯವು ಕೆಂಪಾಗಿ ಕೀವು ಸುರಿಯುವುದು, ಡಾಂಬರಿನಂತೆ ಕಪ್ಪಾದ ಮಲ, ಕಣ್ಣು ಹಳದಿಯಾಗುವುದು, ಮಾತು ತೊಡರಿ ಬುದ್ಧಿ ಮಂಕಾಗುವುದು. ಕ್ಯಾನ್ಸರಿನ ಔಷಧಿಯನ್ನು ರಕ್ತನಾಳದ ಮೂಲಕ ತೆಗೆದುಕೊಳ್ಳುತ್ತಿರುವವರಿಗೆ ಜ್ವರ ಬಂದರಂತೂ ಅರ್ಧ ದಿನವನ್ನೂ ಕಾಯಬಾರದು. ಆ ಕಾಲದಲ್ಲಿ ಸೋಂಕನ್ನು ಎದುರಿಸುವ ಶಕ್ತಿಯು ದೇಹದಲ್ಲಿ ಅತ್ಯಲ್ಪವಾಗಿರುತ್ತದೆ.

ಕೆಲವರ ಹೊಟ್ಟೆಯ ಗೋಡೆಯ ಮೂಲಕ ಸಣ್ಣ ಕರುಳಿಗೆ ಒಂದು ಕೊಳವೆಯನ್ನು ಇಟ್ಟು ಕಳುಹಿಸಿರುತ್ತಾರೆ. ಬಾಯಿಂದ ಸಾಕಷ್ಟು ಉಣ್ಣುವವರೆಗೆ ಅದರ ಮೂಲಕ ದ್ರವಾಹಾರವನ್ನು ಕೊಡಬೇಕು. ಪ್ರತಿಸಲವೂ ಆಹಾರಕ್ಕೆ ಮುಂಚೆಯೂ ಆಮೇಲೆಯೂ ಶುದ್ಧವಾದ ನೀರನ್ನು ಹಾಯಿಸಿ ಅದನ್ನು ತೊಳೆಯದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಕೊಳವೆಯು ಕಳಚಿ ಹೊರಕ್ಕೆ ಬಂದರೆ, ಆ ರಂಧ್ರವು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳತೊಡಗುವುದರಿಂದ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮನೆಯವರು ತಾವೇ ಅದನ್ನು ಒಳಕ್ಕೆ ತೂರಿಸಲು ಯತ್ನಿಸಕೂಡದು.

ತಡವಾಗುವುದಕ್ಕೆ ಕಾರಣ ಅಜ್ಞಾನವೊಂದೇ ಅಲ್ಲ. ಈಗತಾನೆ ಸಾಲಮಾಡಿ ಚಿಕಿತ್ಸೆ ಮಾಡಿಸಿದ್ದೇವೆ, ಮತ್ತೆ ಖರ್ಚೇ ಎಂಬ ಸಂಕಟ. ಬಿಟ್ಟುಬಂದ ಆಸ್ಪತ್ರೆಗೆ ತಿರುಗಿ ಕಾಲಿಡುವುದು ಅಪಶಕುನವೆಂಬ ಭಾವನೆ. ಎಲ್ಲರಿಗೂ ತೊಂದರೆಯಾಯಿತಲ್ಲಾ ಎಂದು ನೋವನ್ನು ನುಂಗಿಕೊಳ್ಳುವ ರೋಗಿಯ ಸಂಕೋಚ. ಇವುಗಳಲ್ಲಿ ಮೂರನೆಯದು ಹೆಚ್ಚು ಅಪಾಯಕರ. ನಮ್ಮ ಮನೆಗಳಲ್ಲಿ ಹಿರಿಯರೂ ಹೆಂಗಸರೂ ಸಾಮಾನ್ಯವಾಗಿ ಕೇಳಿದ ಹೊರತು ಹೇಳಿಕೊಳ್ಳುವುದಿಲ್ಲ. ಆದಕಾರಣ ದಿನಕ್ಕೆರಡು ಸಲ ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು. ಹೊಟ್ಟೆಯೊಳಗಿನ ಕೀವನ್ನು ಮೊದಲನೆಯ ದಿನ ಒಂದು ಸೂಜಿಯಿಂದಲೋ ಸಣ್ಣ ಕೊಳವೆಯಿಂದಲೋ ಹೊರಕ್ಕೆ ತೆಗೆಯಬಹುದಾಗಿದ್ದರೆ, ನಾಲ್ಕನೆಯ ದಿನ ಅದು ರಕ್ತಕ್ಕೆ ನಂಜನ್ನು ಏರಿಸಿ ಪ್ರಾಣಕ್ಕೇ ಬರಬಹುದು. ಖರ್ಚಿನ ಲೆಕ್ಕದಲ್ಲಿಯೂ ಮೊದಲನೆಯ ದಿನವೇ ಅಗ್ಗ.

ಯಾರ ಮೇಲೆ ಹೆಚ್ಚಿನ ಕಣ್ಣಿಡಬೇಕು?

ಎಲ್ಲರಿಗೂ ಅಪಾಯವು ಸಮಾನವಲ್ಲ. ಜಠರದ ಒಂದು ಭಾಗವನ್ನು ತೆಗೆಸಿಕೊಂಡವರಿಗಿಂತ ಇಡಿಯಾಗಿ ತೆಗೆಸಿಕೊಂಡವರಿಗೆ, ಆಸ್ಪತ್ರೆಯಲ್ಲಿದ್ದಾಗಲೇ ಒಂದಲ್ಲ ಒಂದು ತೊಡಕು ಬಂದಿದ್ದವರಿಗೆ, ಶಸ್ತ್ರಚಿಕಿತ್ಸೆಗೆ ಮುಂಚೆಯೇ ಬಹಳವಾಗಿ ಸೊರಗಿದ್ದವರಿಗೆ, ಹೃದಯದ ಅಥವಾ ಸಿಹಿಮೂತ್ರದ ಕಾಯಿಲೆಯುಳ್ಳವರಿಗೆ ಮರಳಿ ಹೋಗುವ ಸಂಭವ ಹೆಚ್ಚು. ಆದುದರಿಂದ ಶುಶ್ರೂಷೆಯು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಆರಂಭವಾಗಬೇಕು. ಕಾಯುವ ಆ ವಾರಗಳಲ್ಲಿ ರೋಗಿಗೆ ಸಾಧ್ಯವಾದಷ್ಟು ಪುಷ್ಟಿಕರವಾದ ಆಹಾರವನ್ನು ಕೊಡುವುದು, ಬೀಡಿ ಸಿಗರೇಟುಗಳನ್ನೂ ಹೊಗೆಸೊಪ್ಪನ್ನೂ ಬಿಡಿಸುವುದು, ನಡೆದಾಡಿಸುವುದು, ಇವು ಮುಂದಕ್ಕೆ ಕೂಡಿಟ್ಟ ಗಂಟಿನಂತೆ ಒದಗುತ್ತವೆ.

ಆಸ್ಪತ್ರೆಯಿಂದ ಹೊರಡುವ ದಿನ ಅವಸರಪಡದೆ ನಾಲ್ಕು ಸಂಗತಿಗಳನ್ನು ಬರೆಯಿಸಿಕೊಳ್ಳಬೇಕು. ಯಾವ ಶಸ್ತ್ರಚಿಕಿತ್ಸೆಯಾಯಿತು, ಎಷ್ಟು ಭಾಗವನ್ನು ತೆಗೆದರು ಎಂಬುದು ಒಂದು. ಯಾವ ಔಷಧಿಯನ್ನು ಎಷ್ಟು ದಿನ ಕೊಡಬೇಕೆಂಬುದು ಎರಡು. ಪರೀಕ್ಷೆಗೆ ಮತ್ತೆ ಬರಬೇಕಾದ ದಿನ ಮೂರು. ರಾತ್ರಿಯ ವೇಳೆ ತೊಂದರೆಯಾದರೆ ಯಾವ ಟೆಲಿಫೋನ್ ನಂಬರಿಗೆ ಕರೆಯಬೇಕೆಂಬುದು ನಾಲ್ಕು. ಅಕಸ್ಮಾತ್ತಾಗಿ ಬೇರೊಂದು ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಈ ಒಂದು ಹಾಳೆಯು ಅಲ್ಲಿಯ ವೈದ್ಯರಿಗೆ ದಾರಿದೀಪವಾಗುತ್ತದೆ. ಮನೆಯಲ್ಲಿ ಒಂದು ಸಾಮಾನ್ಯ ನೋಟುಬುಕ್ಕನ್ನು ಇಟ್ಟುಕೊಂಡು ದಿನದಿನದ ಊಟ, ನೀರು, ಜ್ವರಗಳನ್ನೂ, ವಾರಕ್ಕೊಮ್ಮೆ ತೂಕವನ್ನೂ ಬರೆದಿಡುವುದು ಒಳ್ಳೆಯದು. ಇಡೀ ಜಠರವನ್ನು ತೆಗೆದವರಲ್ಲಿ ಮೊದಲಿನ ತೂಕದ ಹತ್ತರಲ್ಲೊಂದು ಪಾಲಿನಿಂದ ಐದರಲ್ಲೊಂದು ಪಾಲಿನವರೆಗೆ ಕಡಿಮೆಯಾಗುವುದು ಸಾಮಾನ್ಯ. ಆದರೆ ಅದು ಒಂದು ಕಡೆ ನಿಲ್ಲಬೇಕು. ವಾರ ವಾರಕ್ಕೂ ಇಳಿಯುತ್ತಲೇ ಇದ್ದರೆ ವೈದ್ಯರಿಗೆ ಹೇಳಬೇಕು.

ವರ್ಷಗಳ ಮೇಲಿನ ಎಚ್ಚರ

ತಿಂಗಳು ಕಳೆಯಿತೆಂದರೆ ಎಲ್ಲವೂ ಮುಗಿಯಲಿಲ್ಲ. ಕೆಲವು ವಾರಗಳ ಅಥವಾ ತಿಂಗಳುಗಳ ಮೇಲೆ ಹೊಲಿಗೆಯ ಸ್ಥಳವು ಕುಗ್ಗಿ, ತುತ್ತು ಎದೆಯಲ್ಲಿಯೇ ನಿಂತಂತಾಗಬಹುದು. ಗಂಟಲಿನ ಮೂಲಕ ಕೊಳವೆಯನ್ನು ಇಳಿಸಿ ಆ ಇಕ್ಕಟ್ಟನ್ನು ಹಿಗ್ಗಿಸುವ ಉಪಾಯವು ವೈದ್ಯರಲ್ಲಿದೆ; ಅನ್ನವನ್ನು ಬಿಟ್ಟು ಬರಿಯ ತಿಳಿಯ ಮೇಲೆ ದಿನ ನೂಕುವುದು ಪರಿಹಾರವಲ್ಲ. ವರ್ಷಗಳ ಮೇಲೆಯೂ ಕರುಳಿನ ಒಂದು ಮಡಿಕೆಯು ಹೊಸ ಜೋಡಣೆಯ ಹಿಂದಣ ಸಂದಿಗೆ ಜಾರಿ ಸಿಕ್ಕಿಕೊಳ್ಳುವುದುಂಟು. ಹಠಾತ್ತಾಗಿ ತಡೆಯಲಾರದ ಹೊಟ್ಟೆನೋವು ಬಂದರೆ, ಅದು ಅಜೀರ್ಣವೆಂದು ಓಮದ ಕಷಾಯದಿಂದ ಕಾಲಕಳೆಯದೆ, ಜಠರ ತೆಗೆದಿರುವ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು.

ಬಿ-೧೨ರ ವಿಷಯವನ್ನು ಮರೆಯುವುದು ಎಲ್ಲಕ್ಕಿಂತ ಸುಲಭ. ಏಕೆಂದರೆ ಅದರ ಕೊರತೆಯು ಮೆಲ್ಲಮೆಲ್ಲನೆ ಬರುತ್ತದೆ. ಅಮೆರಿಕದ ಬಾಸ್ಟನ್ ನಗರದ ಕ್ಯಾಸಲ್ ಎಂಬ ವೈದ್ಯನು ೧೯೨೦ರ ದಶಕದ ಕೊನೆಯಲ್ಲಿ, ಒಂದು ಬಗೆಯ ಮಾರಕವಾದ ರಕ್ತಹೀನತೆಯುಳ್ಳವರಿಗೆ ಬರಿಯ ಮಾಂಸವನ್ನು ಕೊಟ್ಟಾಗ ಗುಣವಾಗದಿರುವುದನ್ನೂ, ಆರೋಗ್ಯವಂತರ ಜಠರರಸದೊಡನೆ ಅದನ್ನು ಕೊಟ್ಟಾಗ ರಕ್ತವು ಸುಧಾರಿಸುವುದನ್ನೂ ತೋರಿಸಿದನು. ಆ ಮಾಂಸದಲ್ಲಿದ್ದ ವಸ್ತುವನ್ನು ೧೯೪೮ರಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಶುದ್ಧರೂಪದಲ್ಲಿ ಬೇರ್ಪಡಿಸಿದರು, ಅದೇ ಬಿ-೧೨. ನಮ್ಮ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಇದರ ಸಂಗ್ರಹವು ಕೆಲವು ವರ್ಷಗಳಿಗೆ ಆಗುವಷ್ಟು ಇರುತ್ತದೆ. ಜಠರ ಹೋದ ಮೇಲೆ ಆ ಸಂಗ್ರಹವು ಕರಗುತ್ತ ಹೋಗುತ್ತದೆಯೇ ಹೊರತು ತುಂಬುವುದಿಲ್ಲ. ಸಸ್ಯಾಹಾರಿಗಳಲ್ಲಿ ಮೊದಲೇ ಸಂಗ್ರಹವು ಕಡಿಮೆಯಾಗಿರುವುದರಿಂದ ಕೊರತೆಯು ಬೇಗ ತಲೆದೋರಬಹುದು. ಅಂಗಾಲು ಜುಮುಗುಟ್ಟುವುದು, ನಡಿಗೆ ತೂರಾಡುವುದು, ನೆನಪು ಮಸುಕಾಗುವುದು, ಇವನ್ನು ಮುಪ್ಪಿನ ಚಿಹ್ನೆಗಳೆಂದು ಬಿಟ್ಟರೆ ನರಗಳಿಗೆ ಆದ ಹಾನಿಯು ಆಮೇಲೆ ಸರಿಹೋಗದೆ ಉಳಿಯಬಹುದು. ವೈದ್ಯರು ಗೊತ್ತುಮಾಡಿದ ಕಾಲ ತಪ್ಪದಂತೆ ಚುಚ್ಚುಮದ್ದನ್ನು ಜೀವಮಾನವಿಡೀ ತೆಗೆದುಕೊಳ್ಳಬೇಕು. ಕಬ್ಬಿಣ, ಸುಣ್ಣದ ಸತ್ತ್ವ, ಡಿ ಜೀವಸತ್ತ್ವಗಳ ಕೊರತೆಯನ್ನೂ ವರ್ಷವರ್ಷವೂ ರಕ್ತಪರೀಕ್ಷೆಯಿಂದ ನೋಡಿಸುತ್ತಿರಬೇಕು. ಇಲ್ಲವಾದರೆ ರಕ್ತವು ತೆಳುವಾಗುತ್ತದೆ, ಎಲುಬುಗಳು ಬೇಗ ಮುರಿಯುತ್ತವೆ.

ಇದನ್ನೆಲ್ಲ ಓದಿ ಯಾರೂ ಎದೆಗುಂದಬೇಕಾಗಿಲ್ಲ. ಕರುಳು ಬುದ್ಧಿವಂತ ಅಂಗ. ಆರು ತಿಂಗಳು ವರ್ಷ ಕಳೆಯುವಷ್ಟರಲ್ಲಿ ಅನೇಕರಲ್ಲಿ ಅದು ಹೊಸ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ. ತುತ್ತು ಹಿಗ್ಗುತ್ತದೆ, ಊಟದ ಸಂಖ್ಯೆ ತಗ್ಗುತ್ತದೆ, ಸಿಹಿಯಿಂದಾಗುವ ಕಷ್ಟವೂ ಇಳಿಯುತ್ತದೆ. ಜಠರ ತೆಗೆಸಿಕೊಂಡವರು ಹೊಲಗದ್ದೆಯ ಕೆಲಸಕ್ಕೂ ಕಛೇರಿಗೂ ಹಿಂದಿರುಗಿ, ಮಕ್ಕಳ ಮದುವೆಗಳನ್ನು ಮಾಡಿ, ಮೊಮ್ಮಕ್ಕಳನ್ನು ಆಡಿಸುವುದುಂಟು. ಆ ಕಾಲ ಬರುವವರೆಗೆ ನಡುವಣ ತಿಂಗಳುಗಳನ್ನು ದಾಟಿಸತಕ್ಕವರು ಮನೆಯವರು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇಲ್ಲಿ ಉಣ್ಣುವವನಿಗಿಂತ ಹೆಚ್ಚಾಗಿ ಬಡಿಸುವವರು ಊಟವನ್ನು ಬಲ್ಲವರಾಗಿರಬೇಕು. ಎಂದು ಬಡಿಸುವುದನ್ನು ನಿಲ್ಲಿಸಿ ಗಾಡಿ ಕಟ್ಟಿಸಬೇಕೆಂಬುದನ್ನೂ ಬಲ್ಲವರಾಗಿರಬೇಕು.